ಆರು ಬೈಟು

ಪರೀಕ್ಷಕರು ತುಮಕೂರಿನವರು. ಕನ್ನಡಕ ಒರೆಸುತ್ತ ಕೇಳಿದರು:
"ಇದರ ಫೈಲ್ ಎಲ್ಲಮ್ಮ?"
"ಬರೆಯೋ ಕೈದು ಫೈಲ್ ಇದೆ ಸಾರ್,
ಬರೆದದ್ದರದು ಇಲ್ಲ," ಅಂದಳು ಮಿಸ್ರಿಯಾ.
"ಮರೆತು ಬಂದೆಯಾ?"
"ಇಲ್ಲವೇ ಇಲ್ಲ ಸಾರ್. ಓಡುವಾಗ ಹುಟ್ಟುತ್ತೆ."

ಹಾಸನದ ಪಾಲಿಟೆಕ್ನಿಕ್, ಎರಡನೇ ಲ್ಯಾಬು.
ಕಿಟಕಿಯಾಚೆ ಆಲೂಗಡ್ಡೆ ಲಾರಿ ಹಿಂದಕ್ಕೆ ಬರುವ ಪೀಂ ಪೀಂ.
ಹದಿನಾಲ್ಕು ವರ್ಷದಿಂದ ನಾನಿಲ್ಲಿ
ಕೀಲಿಮಣೆಯ ಧೂಳು ಕೊಡವುವವಳು,
ರೆಕಾರ್ಡ್ ಪುಸ್ತಕಕ್ಕೆ ಸೀಲು ಒತ್ತುವವಳು.
ಒತ್ತಲು ಏನಾದರೊಂದು ಇರಬೇಕಲ್ಲ.

ಸಕಲೇಶಪುರದ ಕೋರ್ಟಿನಲ್ಲಿ ಅವಳ ಮಾವ ದುಭಾಷಿ.
ಸಾಕ್ಷಿಯ ಬ್ಯಾರಿ ಮಾತು ಕನ್ನಡಕ್ಕೆ, ವಕೀಲರ ಪ್ರಶ್ನೆ ಬ್ಯಾರಿಗೆ,
ಒಂದು ವಾಕ್ಯ ನಿಲ್ಲಿಸು, ತಿರುಗಿಸು, ಮತ್ತೊಂದು ವಾಕ್ಯ.
"ಇಂಟರ್‌ಪ್ರಿಟರ್ ಅಂದರೆ ನಮ್ಮ ಮಾವನೇ ಮೇಡಂ,
ಸಾವಿರ ಸಲ ಅದೇ ಸಾಲು ಬಂದರೂ
ಮೊದಲ ಸಲ ಕೇಳಿದ ಹಾಗೆ."
ಒಮ್ಮೆ ಒಂದು ಜಮೀನು ವ್ಯಾಜ್ಯ, ಹನ್ನೊಂದು ಸಾಕ್ಷಿ,
ಎಲ್ಲರದೂ ಒಂದೇ ಮಾತು: ಬೇಲಿ ಹಳ್ಳದ ಈಚೆ ಇತ್ತು.
ನಾಲ್ಕನೆಯವನು ಬಾಯಿ ತೆರೆಯುವ ಮೊದಲೇ
ಮಾವನ ನಾಲಗೆ ಮೇಲೆ ಕನ್ನಡದ ಬೇಲಿ ತಯಾರು.
ಐದು, ಆರು, ಏಳು, ತಿರುಗಿಸುವ ಕೆಲಸವೇ ಇಲ್ಲ.
ಎಂಟನೆಯವನು "ಆಚೆ" ಅಂದುಬಿಟ್ಟ.
ಮಾವ "ಈಚೆ"ಯನ್ನು ಅರ್ಧದಲ್ಲಿ ನುಂಗಿ, ಕೆಮ್ಮಿ,
ಮತ್ತೆ ಪದ ಪದವಾಗಿ, ಮೊದಲಿಂದ.
"ಅದನ್ನೂ ಬರೆದಿದ್ದೀನಿ ಮೇಡಂ," ಅಂದಿದ್ದಳು, "ಆ ಕೆಮ್ಮನ್ನ."

ಮೊದಲ ದಿನ ಓಡಿಸಿದಾಗ ಸತ್ತೇಹೋಯಿತು.
ಮೆಮೊರಿಯಲ್ಲಿ ಒಂದು ಪುಟ ಕೇಳಿ ಪಡೆದಿದ್ದಳು,
ನಾಲ್ಕು ಸಾವಿರದ ತೊಂಬತ್ತಾರು ಬೈಟು,
ಬರೆದದ್ದು ಆರು.
ಬರೆಯಲು ಬಿಡುವ ಪುಟ ನಡೆಯಲು ಬಿಡದು.
ರಾತ್ರಿ ಎಂಟೂವರೆ. ವಾಚ್‌ಮನ್ ಎರಡು ಸಲ
ಕೀಲಿಗೊಂಚಲು ಕುಣಿಸಿ ಹೋದ.

ಆಗ ನನಗೆ ಹಳೇಬೀಡು ನೆನಪಾಯಿತು,
ಅಪ್ಪ ಗೇಟಿನೆದುರು ಮಾರುತ್ತಿದ್ದ ಬೆರಳುದ್ದದ ಆನೆಗಳು.
ಗಣಿಯಿಂದ ಬಂದ ದಿನ ಬಳಪದ ಕಲ್ಲು ಬೆಣ್ಣೆ,
ಉಗುರು ಸೋಕಿದರೂ ಗೀರು.
ಗಾಳಿ ಕುಡಿದ ಮೇಲೆ ಉಳಿಯನ್ನೇ ವಾಪಸು ಕಳಿಸುತ್ತೆ.
"ಕೆತ್ತಿ ಮುಗಿಸು ಮೊದಲು," ಅಂದೆ,
"ಆಮೇಲೆ ಗಟ್ಟಿಯಾಗಲಿ."
ಅದೇ ಕಲ್ಲಿನ ಚೂರಲ್ಲೇ ನಾನು ಅ ಆ ತಿದ್ದಿದ್ದು.
ಬರೆಯುವುದೂ ಬಳಪ, ಕೆತ್ತಿಸಿಕೊಳ್ಳುವುದೂ ಬಳಪ;
ಆ ಆರು ಬೈಟೂ ಹಾಗೇ, ಅಂಕಿಯೋ ಅಪ್ಪಣೆಯೋ
ನೋಡಿದರೆ ಗೊತ್ತಾಗದು.
ಅನುಮತಿ ಬದಲಿಸುವ ಒಂದು ಸಾಲು ಸೇರಿಸಿದಳು.
ತೆರೆಯ ಮೇಲೆ ನಲವತ್ತೆರಡು.
ಅಷ್ಟೇ. ಅಷ್ಟಕ್ಕೇ ಕುರ್ಚಿ ಒಂದು ಸುತ್ತು ತಿರುಗಿಸಿಕೊಂಡಳು.

"ಪ್ರಿಂಟ್ ಬಾರದ್ದಕ್ಕೆ ಅಂಕ ಹೇಗಮ್ಮ ಕೊಡಲಿ?"
ಪರೀಕ್ಷಕರು ಕೇಳಿದ ಹೊತ್ತಿಗೇ ಕರೆಂಟು ಹೋಯಿತು.
ಯುಪಿಎಸ್ಸು ಮೂರು ಸಲ ಕೂಗಿ ಸುಮ್ಮನಾಯಿತು.
"ಈಗ ಎಲ್ಲಿದೆ?"
"ಎಲ್ಲೂ ಇಲ್ಲ ಸಾರ್."

ಕಿಟಕಿಯ ಬೆಳಕಿಗೆ ರೆಕಾರ್ಡ್ ಪುಸ್ತಕ ಎಳೆದುಕೊಂಡು
ನೀಲಿ ಪೆನ್ನಲ್ಲಿ, ನೆನಪಿಂದ ಬರೆದಳು:
ಬಿ ಎಂಟು. ಎರಡು ಎ.
ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ.
ಸಿ ಮೂರು.
ಅವರ ಬೆರಳು ಕೊನೆಯದರ ಮೇಲೆ ನಿಂತಿತು. "ಇದು?"
"ಕರೆದವರ ಹತ್ತಿರ ವಾಪಸು ಹೋಗು ಅಂತ ಸಾರ್.
ಇದನ್ನು ಬರೆಯದಿದ್ದರೆ
ಬರೆದದ್ದು ಮುಗಿದರೂ ನಡೀತಾನೇ ಇರುತ್ತೆ."

ಅವರು ತುಸು ಹೊತ್ತು ಹಾಳೆ ನೋಡಿದರು, ಆಮೇಲೆ ಗಡಿಯಾರ.
ಸಹಿ ಹಾಕಿದರು. ಅಂಕ ಲಕೋಟೆಯೊಳಗೆ.
ನಾನು ಸೀಲು ಒತ್ತಿದೆ, ಕತ್ತಲಲ್ಲಿ ಸ್ವಲ್ಪ ಓರೆಯಾಗಿ.

ಕರೆಂಟು ಬಂದಾಗ ಲ್ಯಾಬು ಖಾಲಿ, ಯಂತ್ರಕ್ಕೆ ಏನೂ ನೆನಪಿಲ್ಲ.
ಮಿಸ್ರಿಯಾ ಚೀಲ ಕೆಳಗಿಟ್ಟು
ಇನ್ನೊಮ್ಮೆ ಓಡಿಸಿದಳು,
ಯಾರೂ ಕೇಳಿರಲಿಲ್ಲ.